ರಣಹದ್ದುಗಳನ್ನು ಕೊಂದವರು ಯಾರು?

ಕನ್ನಡದಲ್ಲಿ ಯಾರನ್ನಾದರೂ ರಣಹದ್ದು ಎಂದು ಕರೆದರೆ ಅದು ಬೈಗುಳ. ಮೀಟರ್ ಬಡ್ಡಿಯವನಿಗೆ, ಲಂಚಕೋರನಿಗೆ, ಸಾವಿನ ಮನೆಯಲ್ಲೂ ಲಾಭ ಹುಡುಕುವ ರಾಜಕಾರಣಿಗೆ ನಾವು ಇಟ್ಟಿರುವ ಹೆಸರು ಅದು. ಮನೆಯ ಮಾಡಿನ ಮೇಲೆ ರಣಹದ್ದು ಕುಳಿತರೆ ಕೆಲವು ದಿನ ಆ ಮನೆಯನ್ನೇ ಬಿಟ್ಟು ಹೋಗುವ ರೂಢಿ ನಮ್ಮ ಅನೇಕ ಹಳ್ಳಿಗಳಲ್ಲಿತ್ತು. ಈಗ ಆ ಭಯ ಯಾರಿಗೂ ಇಲ್ಲ. ಕುಳಿತುಕೊಳ್ಳಲು ರಣಹದ್ದೇ ಇಲ್ಲ.

ಐವತ್ತು ದಾಟಿದ ಹಳ್ಳಿಯವರನ್ನು ಕೇಳಿ ನೋಡಿ, ಆ ದೃಶ್ಯವನ್ನು ಕಣ್ಣಿಗೆ ಕಟ್ಟುವಂತೆ ಹೇಳುತ್ತಾರೆ. ಊರ ಹೊರಗಿನ ಬಯಲಿಗೆ ಸತ್ತ ಎತ್ತನ್ನು ಎಳೆದು ಹಾಕುತ್ತಿದ್ದರು. ತೊಗಲು ಸುಲಿಯುವವರು ಬಂದು ತಮ್ಮ ಕೆಲಸ ಮುಗಿಸುತ್ತಿದ್ದರು. ಮೊದಲು ಕಾಗೆ, ಆಮೇಲೆ ನಾಯಿ. ಅಷ್ಟರಲ್ಲಿ ಆಕಾಶದಲ್ಲಿ ಒಂದು ಚುಕ್ಕೆ ಕಾಣುತ್ತಿತ್ತು, ನೋಡನೋಡುತ್ತಿದ್ದಂತೆ ಹತ್ತು, ಇಪ್ಪತ್ತು. ದೊಡ್ಡ ರೆಕ್ಕೆ ಬಿಚ್ಚಿಕೊಂಡು ಇಳಿದ ಆ ಹಿಂಡು ಗಂಟೆಯೊಳಗೆ ಎಲುಬಿನ ಗೂಡೊಂದನ್ನು ಬಿಟ್ಟು ಉಳಿದದ್ದನ್ನೆಲ್ಲ ಮುಗಿಸುತ್ತಿತ್ತು. ಬಿಸಿಲಿಗೆ ಒಣಗಿದ ಎಲುಬನ್ನು ಆಯುವವರು ಬೇರೆ ಇದ್ದರು. ಅದು ಗೊಬ್ಬರಕ್ಕೂ ಕಾರ್ಖಾನೆಗೂ ಹೋಗುತ್ತಿತ್ತು. ಸರಕಾರಕ್ಕೆ ಒಂದು ಪೈಸೆ ಖರ್ಚಿಲ್ಲದೆ, ಯಾವ ಪಂಚಾಯಿತಿಯ ಠರಾವೂ ಇಲ್ಲದೆ ನಡೆಯುತ್ತಿದ್ದ ವ್ಯವಸ್ಥೆ ಇದು.

ನಮ್ಮ ಪುರಾಣಗಳಿಗೆ ಈ ಹಕ್ಕಿಯ ಮೇಲೆ ಇಷ್ಟು ಸಿಟ್ಟಿಲ್ಲ ಎಂಬುದನ್ನು ಇಲ್ಲಿಯೇ ಹೇಳಿಬಿಡಬೇಕು. ಸೀತೆಯನ್ನು ಕಾಪಾಡಲು ಹೋಗಿ ರೆಕ್ಕೆ ಕಳೆದುಕೊಂಡ ಜಟಾಯು ಹದ್ದಿನ ಕುಲದವನು. ಶವಕ್ಕೂ ಹಕ್ಕಿಗೂ ಇರುವ ನಂಟಿನ ಕತೆ ಕುರ್‌ಆನಿನಲ್ಲೂ ಇದೆ. ಆದಮರ ಮಗನೊಬ್ಬ ತಮ್ಮನನ್ನು ಕೊಂದು, ಆ ದೇಹವನ್ನು ಏನು ಮಾಡಬೇಕೆಂದು ತಿಳಿಯದೆ ನಿಂತಾಗ, ನೆಲ ಕೆದಕಿ ದಾರಿ ತೋರಿಸಿದ್ದು ಒಂದು ಕಾಗೆ. ಸತ್ತದ್ದನ್ನು ಮರ್ಯಾದೆಯಿಂದ ಮಣ್ಣಿಗೆ ಸೇರಿಸುವ ಮೊದಲ ಪಾಠ ಮನುಷ್ಯನಿಗೆ ಬಂದದ್ದು ಹಕ್ಕಿಯಿಂದ. ಪಾರ್ಸಿಗಳಂತೂ ತಮ್ಮ ಸತ್ತವರನ್ನು ಈ ಹಕ್ಕಿಗೇ ಒಪ್ಪಿಸುತ್ತಿದ್ದರು. ಮುಂಬಯಿಯ ಮಲಬಾರ್ ಹಿಲ್‌ನ ದಖ್ಮಾಗಳಲ್ಲಿ ಆ ಪದ್ಧತಿ ತಲೆಮಾರುಗಳಿಂದ ನಡೆದು ಬಂದಿತ್ತು. ರಣಹದ್ದು ಬಾರದಂತಾದ ಮೇಲೆ ಅಲ್ಲಿ ಬಿಸಿಲನ್ನು ಕೇಂದ್ರೀಕರಿಸುವ ಸೌರ ಫಲಕಗಳನ್ನು ಜೋಡಿಸಬೇಕಾಯಿತು. ಒಂದು ಸಮುದಾಯದ ಅಂತ್ಯಸಂಸ್ಕಾರವೇ ಬದಲಾಯಿತು ಎಂದರೆ ಈ ನಷ್ಟದ ಗಾತ್ರ ಎಷ್ಟೆಂದು ಊಹಿಸಬಹುದು.

ಹಾಗಾದರೆ ಇವು ಹೋದದ್ದೆಲ್ಲಿಗೆ?

1980ರ ದಶಕದಲ್ಲಿ ಬಿಳಿ ಬೆನ್ನಿನ ರಣಹದ್ದನ್ನು ಪ್ರಪಂಚದ ದೊಡ್ಡ ಗಾತ್ರದ ಬೇಟೆಹಕ್ಕಿಗಳ ಜಾತಿಯಲ್ಲೇ ಅತಿ ಹೆಚ್ಚು ಸಂಖ್ಯೆಯಲ್ಲಿರುವುದು ಎಂದು ತಜ್ಞರು ಬಗೆದಿದ್ದರು. ದಿಲ್ಲಿಯ ಮರಗಳಲ್ಲಿ ಅವು ಗೂಡು ಕಟ್ಟುತ್ತಿದ್ದವು. ಆಗ ಅವುಗಳಿಂದ ಇದ್ದ ದೊಡ್ಡ ತಲೆನೋವು ವಿಮಾನಗಳದ್ದು. ವಿಮಾನ ನಿಲ್ದಾಣಗಳ ಸುತ್ತ ಹಾರಾಡುವ ಹದ್ದುಗಳು ವಿಮಾನಕ್ಕೆ ಬಡಿಯದಂತೆ ಏನು ಮಾಡಬೇಕು ಎಂದು ಪಕ್ಷಿತಜ್ಞರನ್ನು ಕೇಳುತ್ತಿದ್ದ ಕಾಲ ಅದು. ಅವುಗಳನ್ನು ಉಳಿಸುವುದು ಹೇಗೆ ಎಂಬ ಪ್ರಶ್ನೆ ಯಾರ ಮನಸ್ಸಿನಲ್ಲೂ ಇರಲಿಲ್ಲ.

ರಾಜಸ್ಥಾನದ ಭರತಪುರದಲ್ಲಿ ಕೇವಲಾದೇವ್ ಘಾನಾ ಎಂಬ ರಾಷ್ಟ್ರೀಯ ಉದ್ಯಾನವಿದೆ. ಒಂದು ಕಾಲಕ್ಕೆ ಮಹಾರಾಜರೂ ವೈಸರಾಯರೂ ಒಂದೇ ದಿನ ಸಾವಿರಗಟ್ಟಲೆ ಬಾತುಗಳನ್ನು ಹೊಡೆದು ಉರುಳಿಸುತ್ತಿದ್ದ ಜಾಗ. ಅದು ಹಕ್ಕಿಗಳ ಆಶ್ರಯವಾಗಿ ಉಳಿಯುವುದರ ಹಿಂದೆ ಸಲೀಂ ಅಲಿಯವರ ಶ್ರಮ ದೊಡ್ಡದು. ಸಲೀಂ ಅಲಿ ಎಂದರೆ ನಮ್ಮ ಓದುಗರಿಗೆ ಪರಿಚಯ ಬೇಕಾಗಿಲ್ಲ. ಮುಂಬಯಿಯ ತಯ್ಯಬ್ಜಿ ಕುಟುಂಬದಲ್ಲಿ ಬೆಳೆದ ಅನಾಥ ಹುಡುಗ. ಆಟದ ಬಂದೂಕಿನಿಂದ ಹೊಡೆದ ಗುಬ್ಬಿಯ ಕತ್ತಿನಲ್ಲಿ ಹಳದಿ ಮಚ್ಚೆ ಕಂಡು, ಇದನ್ನು ತಿನ್ನುವುದು ಧರ್ಮಕ್ಕೆ ಒಪ್ಪುತ್ತದೋ ಇಲ್ಲವೋ ಎಂದು ಸೋದರಮಾವನ ಬಳಿ ಹೋದವನು. ಸೋದರಮಾವ ಅಮೀರುದ್ದೀನ್ ಆ ಹುಡುಗನನ್ನು ಕಳುಹಿಸಿದ್ದು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಗೆ. 1883ರಲ್ಲಿ ಸ್ಥಾಪನೆಯಾದ ಆ ಸಂಸ್ಥೆಯ ಹೆಸರು ಮುಂದೆ ಅದೇ ಹುಡುಗನ ಹೆಸರಿನೊಂದಿಗೆ ಬೆಸೆದುಕೊಂಡಿತು. ನಮ್ಮ ಹಳೆಯ ಮೈಸೂರು ಸಂಸ್ಥಾನದ ಹಕ್ಕಿಗಳ ಸಮೀಕ್ಷೆಯನ್ನು 1939-40ರಲ್ಲಿ ನಡೆಸಿದವರೂ ಅವರೇ. 1987ರ ಜೂನ್‌ನಲ್ಲಿ ಅವರು ತೀರಿಕೊಂಡರು.

ಅದೇ 1987-88ರ ಋತುವಿನಲ್ಲಿ ಸೊಸೈಟಿಯ ಪಕ್ಷಿತಜ್ಞ ವಿಭು ಪ್ರಕಾಶ್ ಭರತಪುರದಲ್ಲಿ ಬಿಳಿ ಬೆನ್ನಿನ ರಣಹದ್ದಿನ ಗೂಡುಗಳನ್ನು ಎಣಿಸಿದರು. 353 ಜೋಡಿ ಸಿಕ್ಕವು. ಒಂಬತ್ತು ವರ್ಷ ಬಿಟ್ಟು 1996-97ರಲ್ಲಿ ಮತ್ತೆ ಎಣಿಸಿದಾಗ ಇದ್ದದ್ದು 150. ಇನ್ನೆರಡು ವರ್ಷಕ್ಕೆ 20. ಆಮೇಲೆ ಎಣಿಸಲು ಏನೂ ಉಳಿಯಲಿಲ್ಲ. ಮರಗಳಲ್ಲಿ ಕುತ್ತಿಗೆ ಜೋತುಬಿಟ್ಟು ಕುಳಿತ ಹಕ್ಕಿಗಳು, ಗೂಡಿನಲ್ಲೇ ಸತ್ತುಬಿದ್ದ ಹಕ್ಕಿಗಳು, ಕೊಂಬೆಗೆ ಸಿಕ್ಕಿ ನೇತಾಡುವ ಹೆಣಗಳು ಕಾಣಿಸತೊಡಗಿದವು. 1999ರಲ್ಲಿ ಅವರು ಇದನ್ನು ಸೊಸೈಟಿಯ ಪತ್ರಿಕೆಯಲ್ಲಿ ಬರೆದ ಮೇಲೆಯೇ ಬೇರೆ ಕಡೆಯವರೂ ತಮ್ಮ ಆಕಾಶವನ್ನು ತಲೆಯೆತ್ತಿ ನೋಡಿದ್ದು. ನೋಡಿದರೆ ಎಲ್ಲೆಡೆಯೂ ಇದೇ ಕತೆ. ಮುಂದಿನ ಸಮೀಕ್ಷೆಗಳ ಲೆಕ್ಕದ ಪ್ರಕಾರ 1992ರಿಂದ 2007ರ ನಡುವೆ ಬಿಳಿ ಬೆನ್ನಿನ ರಣಹದ್ದು ಭಾರತದಲ್ಲಿ ನೂರಕ್ಕೆ 99.9ರಷ್ಟು ಕಡಿಮೆಯಾಯಿತು; ಸಾವಿರ ಇದ್ದಲ್ಲಿ ಒಂದು ಉಳಿಯಿತು ಎಂದರ್ಥ. ಉದ್ದ ಕೊಕ್ಕಿನದೂ ತೆಳು ಕೊಕ್ಕಿನದೂ ಸೇರಿ ನೂರಕ್ಕೆ ಸುಮಾರು 97 ಹೋದವು. ಇಷ್ಟು ವೇಗವಾಗಿ, ಇಷ್ಟು ವಿಶಾಲವಾದ ಪ್ರದೇಶದಲ್ಲಿ ಒಂದು ಹಕ್ಕಿ ಅಳಿದದ್ದು ಚರಿತ್ರೆಯಲ್ಲಿ ತೀರಾ ಅಪರೂಪ.

ಕಾರಣ ಹುಡುಕುವವರ ಮುಂದೆ ಮೊದಲು ಬಂದವು ಹಳೆಯ ಆರೋಪಿಗಳು. ಮರ ಕಡಿದದ್ದರಿಂದ ಗೂಡಿಗೆ ಜಾಗವಿಲ್ಲ ಎಂದರು ಕೆಲವರು. ಆದರೆ ಭರತಪುರದಲ್ಲಿ ಮರಗಳಿದ್ದವು. ಬಂಡೆಗಳ ಮೇಲೆ ಗೂಡು ಕಟ್ಟುವ ಉದ್ದ ಕೊಕ್ಕಿನ ಹದ್ದೂ ಸಾಯುತ್ತಿತ್ತು, ಬಂಡೆಗಳನ್ನು ಯಾರೂ ಕಡಿದಿರಲಿಲ್ಲ. ತಿನ್ನಲು ಹೆಣ ಸಿಗುತ್ತಿಲ್ಲ, ಎಲ್ಲ ದನಗಳೂ ಕಸಾಯಿಖಾನೆಗೆ ಹೋಗುತ್ತಿವೆ ಎಂದು ಇನ್ನು ಕೆಲವರು ಹೇಳಿದರು. ಈ ಮಾತು ಕೇಳಲು ಕೆಲವರಿಗೆ ಹಿತವಾಗಿದ್ದಿರಬಹುದು. ಆದರೆ ಊರ ಹೊರಗಿನ ಬಯಲುಗಳಲ್ಲಿ ಹೆಣಗಳು ತಿನ್ನುವವರಿಲ್ಲದೆ ಕೊಳೆಯುತ್ತಿದ್ದವು. ಉಪವಾಸದಿಂದ ಸತ್ತ ಹಕ್ಕಿಯ ಮುಂದೆ ಊಟ ಉಳಿದಿರುವುದಿಲ್ಲ. ಮೂರನೆಯ ಅನುಮಾನ ಕೀಟನಾಶಕದ ಮೇಲೆ. ಅದಕ್ಕೆ ಆಧಾರವಿತ್ತು. ಇಂಗ್ಲೆಂಡಿನಲ್ಲೂ ಅಮೆರಿಕದಲ್ಲೂ 1950-60ರ ದಶಕಗಳಲ್ಲಿ ಡಿಡಿಟಿಯಿಂದಾಗಿ ಡೇಗೆಗಳ ಮೊಟ್ಟೆಯ ಚಿಪ್ಪು ತೆಳುವಾಗಿ, ಕಾವು ಕೊಡಲು ಕುಳಿತ ತಾಯಿಯ ಭಾರಕ್ಕೇ ಒಡೆದುಹೋಗುತ್ತಿದ್ದವು. ಆದರೆ ಡಿಡಿಟಿ ಮೊಟ್ಟೆಯನ್ನು ಕೆಡಿಸುತ್ತದೆ. ಇಲ್ಲಿ ಸಾಯುತ್ತಿದ್ದವು ಬಲಿತ ಹಕ್ಕಿಗಳು.

ಉಳಿದದ್ದು ರೋಗ. ಹಕ್ಕಿಯಿಂದ ಹಕ್ಕಿಗೆ ಹರಡುವ ಯಾವುದೋ ಹೊಸ ವೈರಸ್ ಇರಬೇಕು ಎಂಬ ಅನುಮಾನ ಭಾರತದ ಪ್ರಯೋಗಾಲಯಗಳಲ್ಲಿ ಬಲವಾಗಿ ಬೇರೂರಿತು. ಕತ್ತು ಜೋತುಬಿಟ್ಟ ಹಕ್ಕಿಗಳನ್ನು ಕಂಡವರಿಗೆ ಹಾಗೆ ಅನಿಸಿದ್ದರಲ್ಲಿ ತಪ್ಪೇನಿಲ್ಲ. ಹರಿಯಾಣದ ಪಿಂಜೋರ್‌ನಲ್ಲಿ 2001ರಲ್ಲಿ ಆರೈಕೆ ಕೇಂದ್ರ ತೆರೆದರು. ವೈರಸ್ ಹುಡುಕಿದರು. ಸಿಗಲಿಲ್ಲ. ಇನ್ನೊಂದು ತೊಡಕೂ ಇತ್ತು. ಬಿಸಿಲಿನ ನಾಡಿನಲ್ಲಿ ಸತ್ತ ಹಕ್ಕಿ ಕೈಗೆ ಸಿಗುವ ಹೊತ್ತಿಗೆ ಕೊಳೆತಿರುತ್ತದೆ; ತಾಜಾ ಹೆಣ ಸಿಕ್ಕರೂ ಅದರ ಅಂಗಾಂಶವನ್ನು ಪರೀಕ್ಷೆಗಾಗಿ ಹೊರದೇಶಕ್ಕೆ ಕಳುಹಿಸಲು ಅನುಮತಿ ಪಡೆಯುವುದು ಸುಲಭವಾಗಿರಲಿಲ್ಲ.

ಉತ್ತರ ಬಂದದ್ದು ಗಡಿಯ ಆಚೆಯಿಂದ. ಇದು ನಮ್ಮಲ್ಲಿ ಹೆಚ್ಚು ಜನರಿಗೆ ಗೊತ್ತಿಲ್ಲದ ಸಂಗತಿ.

ಪಾಕಿಸ್ತಾನದ ಪಂಜಾಬಿನಲ್ಲಿ, ಕಾಲುವೆ ಬದಿಯ ಮರಗಳಲ್ಲೂ ನೆಡುತೋಪುಗಳಲ್ಲೂ ಆಗಿನ್ನೂ ಬಿಳಿ ಬೆನ್ನಿನ ರಣಹದ್ದುಗಳ ದೊಡ್ಡ ಕಾಲೋನಿಗಳಿದ್ದವು. 2000ದಲ್ಲಿ ಅಮೆರಿಕದ ಪೆರೆಗ್ರಿನ್ ಫಂಡ್ ಎಂಬ ಸಂಸ್ಥೆಯೂ ಪಾಕಿಸ್ತಾನದ ಪಕ್ಷಿಶಾಸ್ತ್ರ ಸೊಸೈಟಿಯೂ ಸೇರಿ ಅಲ್ಲಿ ಕೆಲಸ ಶುರು ಮಾಡಿದವು. ಪಶುವೈದ್ಯ ಲಿಂಡ್ಸೆ ಓಕ್ಸ್, ಕೀನ್ಯಾದ ಮುನೀರ್ ವಿರಾನಿ, ಪಾಕಿಸ್ತಾನದ ಅಲೀಮ್ ಅಹ್ಮದ್ ಖಾನ್ ಮೊದಲಾದವರಿದ್ದ ತಂಡ. ಮರದ ಕೆಳಗೆ ಬಿದ್ದ ಹಕ್ಕಿಯನ್ನು ಕೊಳೆಯುವ ಮೊದಲೇ ಎತ್ತಿಕೊಂಡು ಕೊಯ್ದು ನೋಡುವುದು ಅವರ ನಿತ್ಯದ ಕೆಲಸ. ಎರಡು ದೇಶಗಳ ಸೇನೆಗಳು 2001-02ರಲ್ಲಿ ಗಡಿಯಲ್ಲಿ ಎದುರುಬದುರು ನಿಂತಿದ್ದಾಗಲೂ ಈ ತಂಡದ ಎಣಿಕೆಯ ಕೆಲಸ ಪಂಜಾಬಿನ ಮರಗಳ ಕೆಳಗೆ ನಡೆದೇ ಇತ್ತು.

ಕೊಯ್ದ ಹಕ್ಕಿಗಳಲ್ಲಿ ನೂರಕ್ಕೆ 85ರ ಹೊಟ್ಟೆಯೊಳಗೆ ಒಂದೇ ದೃಶ್ಯ ಕಂಡಿತು. ಯಕೃತ್ತು, ಹೃದಯ, ಮೂತ್ರಪಿಂಡಗಳ ಮೇಲೆಲ್ಲ ಸುಣ್ಣ ಚಿಮುಕಿಸಿದಂತೆ ಬಿಳಿಯ ಲೇಪ. ಅದು ಯೂರಿಕ್ ಆಮ್ಲದ ಹರಳು. ಮೂತ್ರಪಿಂಡ ಕೆಲಸ ನಿಲ್ಲಿಸಿದಾಗ ಮೈಯಿಂದ ಹೊರಹೋಗಬೇಕಾದ ಕಲ್ಮಷ ಒಳಗೇ ಹೆಪ್ಪುಗಟ್ಟುತ್ತದೆ. ಸರಿ, ಮೂತ್ರಪಿಂಡವನ್ನು ಕೆಡಿಸಿದ್ದು ಏನು? ವೈರಸ್ ಇಲ್ಲ, ಬ್ಯಾಕ್ಟೀರಿಯಾ ಇಲ್ಲ, ಸೀಸ ಪಾದರಸದಂಥ ಲೋಹಗಳಿಲ್ಲ, ಕೀಟನಾಶಕವಿಲ್ಲ. ಎರಡು ವರ್ಷಕ್ಕೂ ಮೀರಿ ಇಲ್ಲ ಇಲ್ಲ ಎಂಬ ಉತ್ತರವೇ ಬಂತು.

ಆಮೇಲೆ ಅವರು ಪ್ರಶ್ನೆಯನ್ನು ಬದಲಾಯಿಸಿದರು. ಹಕ್ಕಿಗೆ ಏನು ರೋಗ ಬಂದಿದೆ ಎಂದು ಕೇಳುವುದನ್ನು ಬಿಟ್ಟು, ಹಕ್ಕಿ ತಿನ್ನುತ್ತಿರುವುದು ಏನನ್ನು ಎಂದು ಕೇಳಿದರು. ತಿನ್ನುತ್ತಿರುವುದು ಸಾಕಿದ ಎಮ್ಮೆ, ಹಸು, ಆಡುಗಳ ಹೆಣ. ಆ ಸಾಕುಪ್ರಾಣಿಗಳಿಗೆ ಸಾಯುವ ಮೊದಲು ಜನ ಏನು ಕೊಡುತ್ತಾರೆ? ಊರಿನ ಪಶುವೈದ್ಯರನ್ನೂ ಔಷಧಿ ಅಂಗಡಿಯವರನ್ನೂ ವಿಚಾರಿಸಿದರು: ಬಾಯಿಯ ಮೂಲಕ ಮೈಗೆ ಸೇರುವಂಥ, ಮೂತ್ರಪಿಂಡಕ್ಕೆ ಪೆಟ್ಟು ಕೊಡಬಲ್ಲಂಥ ಯಾವ ಔಷಧಿ ಇಲ್ಲಿ ಮಾರಾಟವಾಗುತ್ತದೆ? ಸಿಕ್ಕ ಹೆಸರು ಒಂದೇ. ಡೈಕ್ಲೋಫಿನಾಕ್.

ಮೊಣಕಾಲು ನೋವಿಗೆ, ಸೊಂಟ ನೋವಿಗೆ ನಮ್ಮ ನಿಮ್ಮ ಮನೆಗಳಲ್ಲಿ ನುಂಗುವ ಅದೇ ಮಾತ್ರೆ. ಸ್ವಿಟ್ಜರ್ಲೆಂಡಿನ ಸಿಬಾ-ಗೈಗಿ ಕಂಪೆನಿಯಲ್ಲಿ 1973ರಲ್ಲಿ ತಯಾರಾದ ನೋವುನಿವಾರಕ. 1990ರ ದಶಕದ ಆರಂಭದಲ್ಲಿ ಪೇಟೆಂಟಿನ ಬಿಗಿ ಸಡಿಲಿ, ನಮ್ಮ ದೇಶದ ಹತ್ತಾರು ಕಂಪೆನಿಗಳು ಇದನ್ನು ಅಗ್ಗವಾಗಿ ತಯಾರಿಸತೊಡಗಿದವು. ಅಗ್ಗವಾದದ್ದೇ ತಡ, ಅದು ಕೊಟ್ಟಿಗೆಗೂ ಹೊಕ್ಕಿತು. ಕೆಚ್ಚಲು ಬಾವು ಬಂದ ಹಸುವಿಗೆ, ಕಾಲು ಕುಂಟುವ ಎತ್ತಿಗೆ, ಜ್ವರದ ಎಮ್ಮೆಗೆ ಒಂದು ಇಂಜೆಕ್ಷನ್. ಎತ್ತು ಎದ್ದು ನಿಲ್ಲುತ್ತಿತ್ತು. ಬಡ ರೈತನಿಗೆ ಅದಕ್ಕಿಂತ ಹೆಚ್ಚೇನು ಬೇಕು? ಎದ್ದು ನಿಲ್ಲದೆ ಸತ್ತ ಪ್ರಾಣಿ ಆ ಔಷಧಿಯನ್ನು ಮೈಯಲ್ಲಿ ಇಟ್ಟುಕೊಂಡೇ ಊರ ಹೊರಗಿನ ಬಯಲಿಗೆ ಹೋಗುತ್ತಿತ್ತು.

ಓಕ್ಸ್ ತಂಡ ಸತ್ತ ಹಕ್ಕಿಗಳನ್ನು ಮತ್ತೆ ಪರೀಕ್ಷಿಸಿತು. ಮೂತ್ರಪಿಂಡ ಕೆಟ್ಟು ಸತ್ತ 25 ಹಕ್ಕಿಗಳಲ್ಲಿ 25ರಲ್ಲೂ ಡೈಕ್ಲೋಫಿನಾಕ್ ಇತ್ತು. ಬೇರೆ ಕಾರಣಕ್ಕೆ ಸತ್ತ 13ರಲ್ಲಿ ಒಂದರಲ್ಲೂ ಇರಲಿಲ್ಲ. ಗಾಯಗೊಂಡು ಮತ್ತೆ ಕಾಡಿಗೆ ಬಿಡಲಾಗದ ಕೆಲವು ಹದ್ದುಗಳಿಗೆ ಈ ಔಷಧಿ ಪಡೆದ ಪ್ರಾಣಿಯ ಮಾಂಸ ತಿನ್ನಿಸಿದಾಗ ಅವೂ ಅದೇ ರೀತಿಯಲ್ಲಿ, ಕೆಲವೇ ದಿನಗಳಲ್ಲಿ ಸತ್ತವು. 2003ರ ಮೇನಲ್ಲಿ ಬುಡಾಪೆಸ್ಟಿನ ಸಮ್ಮೇಳನದಲ್ಲಿ ಇದನ್ನು ಹೇಳಿದಾಗ ನಂಬದವರೂ ಇದ್ದರು. 2004ರ ಆರಂಭದಲ್ಲಿ ನೇಚರ್ ಪತ್ರಿಕೆಯಲ್ಲಿ ಬರಹ ಬಂತು. ಅದೇ ವರ್ಷ ಭಾರತ ಮತ್ತು ನೇಪಾಳದಲ್ಲಿ ಸತ್ತ ಹದ್ದುಗಳಲ್ಲೂ ಅದೇ ಬಿಳಿ ಲೇಪ, ಅದೇ ಔಷಧಿ ಕಂಡುಬಂತು. ಮುಲ್ತಾನಿನ ಸುತ್ತಮುತ್ತಲ ಮರಗಳ ಕೆಳಗೆ ಸಿಕ್ಕ ಸತ್ಯ ಭರತಪುರಕ್ಕೂ ಸತ್ಯವಾಗಿತ್ತು.

ಒಂದು ಪ್ರಶ್ನೆ ಉಳಿಯುತ್ತದೆ. ಎಲ್ಲ ದನಕ್ಕೂ ಇಂಜೆಕ್ಷನ್ ಕೊಡುವುದಿಲ್ಲ, ಕೊಟ್ಟರೂ ಕೆಲವು ದಿನಗಳಲ್ಲಿ ಅದು ಮೈಯಿಂದ ಹೋಗುತ್ತದೆ. ಹೀಗಿರುವಾಗ ಕೋಟಿಗಳ ಲೆಕ್ಕದ ಹಕ್ಕಿಗಳು ಹೇಗೆ ಸತ್ತವು? ಉತ್ತರ ಹಕ್ಕಿಯ ಬಾಳಿನಲ್ಲೇ ಇದೆ. ರಣಹದ್ದು ಬೆದೆಗೆ ಬರಲು ಐದು ವರ್ಷದಷ್ಟು ಕಾಲ ಬೇಕು. ವರ್ಷಕ್ಕೆ ಒಂದೇ ಮೊಟ್ಟೆ. ಬಹುಕಾಲ ಬದುಕುತ್ತದೆ ಎಂಬ ಭರವಸೆಯ ಮೇಲೆ ನಿಂತ ಸಂಸಾರ ಅದು. ಇನ್ನೊಂದು, ಅವು ಹಿಂಡಿನಲ್ಲಿ ಉಣ್ಣುತ್ತವೆ. ಒಂದು ಹೆಣದಲ್ಲಿ ವಿಷವಿದ್ದರೆ ಇಡೀ ಪಂಕ್ತಿಗೆ ವಿಷ. ಹೆಣಗಳಲ್ಲಿ ನೂರಕ್ಕೆ ಒಂದಕ್ಕಿಂತಲೂ ಕಡಿಮೆ ವಿಷಪೂರಿತವಾಗಿದ್ದರೂ ಈ ಪ್ರಮಾಣದ ಅಳಿವಿಗೆ ಸಾಕು ಎಂದು ವಿಜ್ಞಾನಿಗಳು 2004ರಲ್ಲೇ ಲೆಕ್ಕ ಹಾಕಿದ್ದರು. ಆಮೇಲೆ ಭಾರತದ ಅನೇಕ ರಾಜ್ಯಗಳಿಂದ ಹೆಣಗಳ ಮಾದರಿ ತೆಗೆದು ನೋಡಿದರೆ ಸುಮಾರು ಹತ್ತರಲ್ಲಿ ಒಂದರಲ್ಲಿ ಈ ಔಷಧಿ ಇತ್ತು!

ಇಲ್ಲಿ ಸ್ವಲ್ಪ ನಿಂತು ಯೋಚಿಸಬೇಕು ಅನಿಸುತ್ತದೆ. ಈ ಕೊಲೆಯಲ್ಲಿ ಬಂದೂಕಿಲ್ಲ, ದ್ವೇಷವಿಲ್ಲ, ದುರಾಸೆಯೂ ಹೆಚ್ಚೇನಿಲ್ಲ. ನರಳುವ ಮೂಕಪ್ರಾಣಿಯ ನೋವು ಕಡಿಮೆ ಮಾಡಬೇಕೆಂಬ ದಯೆಯೇ ಇದರ ಮೂಲ. ಹಸುವನ್ನು ಪೂಜಿಸುವವನ ಕೊಟ್ಟಿಗೆಯಿಂದಲೂ, ಎಮ್ಮೆ ಸಾಕಿ ಹಾಲು ಮಾರುವ ಮುಲ್ತಾನಿನ ಮುಸ್ಲಿಮನ ಕೊಟ್ಟಿಗೆಯಿಂದಲೂ ಒಂದೇ ವಿಷ ಹೊರಟಿತು. ಯಾವುದಾದರೂ ಕೆಡುಕು ಕಂಡ ಕೂಡಲೇ ಅದನ್ನು ಮಾಡಿದವರ ಜಾತಿ, ಊರು, ದೇಶ ಹುಡುಕುವುದು ನಮಗೆ ಅಭ್ಯಾಸವಾಗಿದೆ. ರಣಹದ್ದಿನ ಪ್ರಕರಣ ಅದಕ್ಕೆ ಬಗ್ಗುವುದಿಲ್ಲ.

ಸುಲಭದ ಆರೋಪಿಯನ್ನು ಹಿಡಿದು ನಿಲ್ಲಿಸುವ ಈ ಅಭ್ಯಾಸ ಗುಬ್ಬಚ್ಚಿಯ ವಿಷಯದಲ್ಲೂ ಕಾಣುತ್ತದೆ. ಪೇಟೆಗಳಲ್ಲಿ ಗುಬ್ಬಚ್ಚಿ ಕಡಿಮೆಯಾದದ್ದಕ್ಕೆ ಮೊಬೈಲ್ ಟವರ್ ಕಾರಣ ಎಂದು ಎಷ್ಟೋ ಭಾಷಣಗಳಲ್ಲಿ ಕೇಳಿದ್ದೇವೆ. ಅದಕ್ಕೆ ಗಟ್ಟಿ ಪುರಾವೆ ಇನ್ನೂ ಸಿಕ್ಕಿಲ್ಲ. ಆದರೆ ನಾಡಹೆಂಚಿನ ಮಾಡು ಹೋಗಿ ತಾರಸಿ ಬಂತು, ಗೂಡಿಗೆ ಸಂದಿಯಿಲ್ಲ. ಕಿರಾಣಿ ಅಂಗಡಿಯ ಮುಂದೆ ಚೀಲ ಬಿಚ್ಚಿಟ್ಟು ಕಾಳು ಅಳೆಯುತ್ತಿದ್ದ ಕಾಲ ಹೋಗಿ ಪ್ಯಾಕೆಟ್ ಬಂತು. ಮರಿಗೆ ಬೇಕಾದದ್ದು ಕಾಳಲ್ಲ, ಹುಳ. ಕೈತೋಟವಿಲ್ಲದ, ಔಷಧಿ ಹೊಡೆದ ಊರಿನಲ್ಲಿ ಹುಳವೆಲ್ಲಿ? ಟವರನ್ನು ಬೈಯುವುದು ಸುಲಭ, ಏಕೆಂದರೆ ಅದು ಬೇರೆ ಯಾರದೋ. ತಾರಸಿ ನಮ್ಮದು. ನಮ್ಮ ಎರೆಭೂತ ಹಕ್ಕಿಯನ್ನೇ ನೋಡಿ. ಒಂದು ಕಾಲಕ್ಕೆ ಅದರ ಶತ್ರು ಬೇಟೆಗಾರ. ಬೇಟೆ ನಿಂತರೂ ಅದು ಚೇತರಿಸಿಕೊಳ್ಳಲಿಲ್ಲ. ಹುಲ್ಲುಗಾವಲು ಹೊಲವಾಯಿತು, ಉಳಿದ ಬಯಲಿನ ಮೇಲೆ ವಿದ್ಯುತ್ ತಂತಿ ಹಾಯಿತು. ಎದುರಿಗಿರುವ ತಂತಿ ಸರಿಯಾಗಿ ಕಾಣದ ಆ ಭಾರದ ಹಕ್ಕಿ ಅದಕ್ಕೇ ಬಡಿದು ಸಾಯುತ್ತದೆ. ಒಂದೊಂದು ಹಕ್ಕಿಯ ಅಳಿವಿಗೂ ಒಂದೊಂದು ಕಾರಣ, ಕೆಲವಕ್ಕೆ ನಾಲ್ಕಾರು. ರಣಹದ್ದಿನ ವಿಶೇಷವೆಂದರೆ ಅದರ ಮುಖ್ಯ ಕಾರಣ ಒಂದೇ ಮತ್ತು ಅದು ಕೈಗೆ ಸಿಕ್ಕಿತು.

ಕೈಗೆ ಸಿಕ್ಕ ಮೇಲೆ ಏನಾಯಿತು? 2005ರ ಮಾರ್ಚ್‌ನಲ್ಲಿ ರಾಷ್ಟ್ರೀಯ ವನ್ಯಜೀವಿ ಮಂಡಳಿ ಪಶುಗಳಿಗೆ ಡೈಕ್ಲೋಫಿನಾಕ್ ಕೊಡುವುದನ್ನು ನಿಲ್ಲಿಸಬೇಕೆಂದಿತು. ರೈತನಿಂದ ಔಷಧಿ ಕಿತ್ತುಕೊಂಡು ಬದಲಿಗೆ ಏನನ್ನೂ ಕೊಡದಿದ್ದರೆ ನಡೆಯುವುದಿಲ್ಲವಲ್ಲ. ಮೆಲಾಕ್ಸಿಕಾಮ್ ಎಂಬ ಇನ್ನೊಂದು ನೋವುನಿವಾರಕ ಹದ್ದುಗಳಿಗೆ ಅಪಾಯಕಾರಿಯಲ್ಲ ಎಂದು 2006ರ ಆರಂಭದಲ್ಲಿ ಪ್ರಯೋಗಗಳು ತೋರಿಸಿದವು. ಅದೇ ವರ್ಷ ಮೇ ತಿಂಗಳಲ್ಲಿ ಭಾರತ ಸರಕಾರ ಪಶುಗಳ ಡೈಕ್ಲೋಫಿನಾಕ್ ತಯಾರಿಕೆಯನ್ನು ನಿಲ್ಲಿಸಲು ಆದೇಶಿಸಿತು. ಪಾಕಿಸ್ತಾನ, ನೇಪಾಳಗಳೂ ಅದೇ ವರ್ಷ ನಿಷೇಧಿಸಿದವು. ಬಾಂಗ್ಲಾದೇಶ 2010ರಲ್ಲಿ. ಒಂದು ನದಿಯ ನೀರಿನ ಬಗ್ಗೆ ಒಪ್ಪಲಾರದ ದೇಶಗಳು ಒಂದು ಹಕ್ಕಿಗಾಗಿ ಒಂದೇ ವರ್ಷ ಒಂದೇ ಆದೇಶ ಹೊರಡಿಸಿದವು ಎಂಬುದು ಈ ಉಪಖಂಡದ ಚರಿತ್ರೆಯಲ್ಲಿ ಬರೆದಿಡಬೇಕಾದ ಸಂಗತಿ. ಪಠ್ಯಪುಸ್ತಕಗಳು ಬರೆಯುವುದಿಲ್ಲ ಬಿಡಿ.

ಆದರೆ ನಿಷೇಧಕ್ಕೆ ತೂತಿತ್ತು. ಮನುಷ್ಯರಿಗೆಂದು ಮಾರುವ ಡೈಕ್ಲೋಫಿನಾಕ್ ಇಂಜೆಕ್ಷನ್ 30 ಮಿಲಿಲೀಟರ್ ಬಾಟಲಿಯಲ್ಲಿ ಬರುತ್ತಿತ್ತು. ಮನುಷ್ಯನೊಬ್ಬನಿಗೆ ಒಮ್ಮೆಗೆ ಬೇಕಾದದ್ದು 3 ಮಿಲಿಲೀಟರ್. ಹತ್ತು ಪಟ್ಟು ದೊಡ್ಡ ಬಾಟಲಿ ಯಾರಿಗಾಗಿ ಎಂದು ಕೇಳಬೇಕಾಗಿಲ್ಲ. ಈ ಬಾಟಲಿಯನ್ನು ನಿಲ್ಲಿಸಲು 2015 ಬರಬೇಕಾಯಿತು. ಅದರ ವಿರುದ್ಧ ಔಷಧಿ ಕಂಪೆನಿಗಳು ನ್ಯಾಯಾಲಯಕ್ಕೆ ಹೋದವು; 2017ರಲ್ಲಿ ಮದ್ರಾಸ್ ಹೈಕೋರ್ಟು ಸರಕಾರದ ಆದೇಶವನ್ನು ಎತ್ತಿಹಿಡಿಯಿತು. ಈ ನಡುವೆ ಡೈಕ್ಲೋಫಿನಾಕಿನ ಜಾಗಕ್ಕೆ ಅದರ ದಾಯಾದಿಗಳು ಬಂದಿದ್ದವು. ಅಸಿಕ್ಲೋಫಿನಾಕ್ ಅಂತೂ ದನದ ಮೈಯೊಳಗೆ ಹೋಗಿ ಡೈಕ್ಲೋಫಿನಾಕೇ ಆಗುತ್ತದೆ. ಅದನ್ನೂ ಕೀಟೋಪ್ರೊಫೆನನ್ನೂ ಪಶುಗಳಿಗೆ ನಿಷೇಧಿಸಿದ್ದು 2023ರಲ್ಲಿ, ನಿಮೆಸುಲೈಡನ್ನು 2024ರ ಕೊನೆಯಲ್ಲಿ. ಮೊದಲ ನಿಷೇಧದಿಂದ ಇಲ್ಲಿಗೆ ಹದಿನೆಂಟು ವರ್ಷ. ನಾವೇ ಹಿಂದುಳಿದವರು ಎಂದು ಕೊರಗಬೇಕಾಗಿಲ್ಲ. ಇಷ್ಟೆಲ್ಲ ಗೊತ್ತಿದ್ದೂ ಸ್ಪೇನ್ ದೇಶ 2013ರಲ್ಲಿ ಇದೇ ಡೈಕ್ಲೋಫಿನಾಕನ್ನು ಪಶುಗಳಿಗೆ ಬಳಸಲು ಅನುಮತಿ ಕೊಟ್ಟಿತು.

ಹಕ್ಕಿ ಹೋದರೆ ಹೋಗಲಿ, ಮನುಷ್ಯರ ಪಾಡೇ ಸಾಕಾಗಿದೆ ಎನ್ನುವವರಿದ್ದಾರೆ. ಅವರಿಗಾಗಿ ಇನ್ನೊಂದು ಲೆಕ್ಕ. ಹದ್ದು ತಿನ್ನದ ಹೆಣವನ್ನು ನಾಯಿ ತಿನ್ನುತ್ತದೆ. ಹದ್ದಿನಷ್ಟು ಬೇಗ, ಅದರಷ್ಟು ಚೊಕ್ಕಟವಾಗಿ ಅಲ್ಲ. ಹದ್ದಿನ ಜಠರದ ಆಮ್ಲ ಎಷ್ಟು ತೀಕ್ಷ್ಣವೆಂದರೆ ಮನುಷ್ಯನನ್ನು ಕೊಲ್ಲಬಲ್ಲ ಅನೇಕ ರೋಗಾಣುಗಳು ಅಲ್ಲಿ ಉಳಿಯುವುದಿಲ್ಲ. ನಾಯಿ ತಿಂದು ಬಿಟ್ಟದ್ದು ಕೊಳೆತು ಕೆರೆಗೆ ಬಾವಿಗೆ ಇಳಿಯುತ್ತದೆ. ಉಣಿಸು ಹೆಚ್ಚಾದಂತೆ ನಾಯಿಗಳ ಸಂಖ್ಯೆ ಹೆಚ್ಚಿತು, ಕಡಿತ ಹೆಚ್ಚಿತು, ಹುಚ್ಚುನಾಯಿ ರೋಗ ಹೆಚ್ಚಿತು. 1992ರಿಂದ 2006ರವರೆಗೆ ಹೀಗೆ ಹೆಚ್ಚುವರಿಯಾಗಿ ಸತ್ತವರು 47 ಸಾವಿರಕ್ಕೂ ಹೆಚ್ಚು ಎಂದು 2008ರ ಒಂದು ಅಧ್ಯಯನ ಅಂದಾಜು ಮಾಡಿತು. ಅರ್ಥಶಾಸ್ತ್ರಜ್ಞರಾದ ಇಯಾಲ್ ಫ್ರಾಂಕ್ ಮತ್ತು ಅನಂತ್ ಸುದರ್ಶನ್ 2024ರಲ್ಲಿ ಪ್ರಕಟಿಸಿದ ಅಧ್ಯಯನ ಇನ್ನೂ ಮುಂದೆ ಹೋಯಿತು. ಹಿಂದೆ ಹದ್ದುಗಳು ಹೆಚ್ಚಿದ್ದ ಜಿಲ್ಲೆಗಳನ್ನೂ ಮೊದಲಿನಿಂದಲೇ ಕಡಿಮೆಯಿದ್ದ ಜಿಲ್ಲೆಗಳನ್ನೂ ಹೋಲಿಸಿ ನೋಡಿದರು. ಹದ್ದು ಕಳೆದುಕೊಂಡ ಜಿಲ್ಲೆಗಳಲ್ಲಿ ಸಾವಿನ ಪ್ರಮಾಣ ನೂರಕ್ಕೆ ನಾಲ್ಕಕ್ಕಿಂತಲೂ ಹೆಚ್ಚು ಏರಿತ್ತು. 2000ದಿಂದ 2005ರ ನಡುವಿನ ಹೆಚ್ಚುವರಿ ಸಾವುಗಳ ಅಂದಾಜು ಐದು ಲಕ್ಷ.

ಐದು ಲಕ್ಷ ಜನ! ಅವರಲ್ಲಿ ಒಬ್ಬರ ಮರಣಪತ್ರದಲ್ಲೂ ರಣಹದ್ದು ಎಂಬ ಪದ ಇರುವುದಿಲ್ಲ. ಸತ್ತವರು ಯಾರಿರಬಹುದು? ದನದ ಹೆಣ ಎಸೆಯುವ ಬಯಲು ಊರಿನಲ್ಲಿ ಯಾರ ಕೇರಿಗೆ ಹತ್ತಿರ, ಯಾರ ಮಕ್ಕಳು ಆ ದಾರಿಯಲ್ಲಿ ನಡೆದು ಶಾಲೆಗೆ ಹೋಗುತ್ತಾರೆ, ಕಚ್ಚಿಸಿಕೊಂಡ ಮೇಲೆ ಐದು ಸಲ ತಾಲೂಕಾಸ್ಪತ್ರೆಗೆ ಹೋಗಿಬರುವ ಬಸ್ ಚಾರ್ಜು ಯಾರ ಬಳಿ ಇರುವುದಿಲ್ಲ ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ತೊಗಲು ಸುಲಿಯುವವರು, ಎಲುಬು ಆಯುವವರು ಕೆಲಸ ಮಾಡುತ್ತಿದ್ದುದೂ ಆ ಬಯಲಿನಲ್ಲೇ. ಬಡವರು, ಅವರಲ್ಲಿ ದಲಿತರೂ ಇದ್ದರು, ಮುಸ್ಲಿಮರೂ ಇದ್ದರು. ಹದ್ದು ಚೊಕ್ಕಟ ಮಾಡಿಕೊಟ್ಟ ಎಲುಬನ್ನು ಆಯುತ್ತಿದ್ದವರು ಕೊಳೆತ ಮಾಂಸದ ನಡುವೆ ನಾಯಿಗಳ ಹಿಂಡಿನೊಂದಿಗೆ ಹೋರಾಡಬೇಕಾಯಿತು.

ನೇಪಾಳದವರು ಒಂದು ಉಪಾಯ ಮಾಡಿದರು. ನವಲಪರಾಸಿ ಜಿಲ್ಲೆಯ ಪಿಥೌಲಿಯಲ್ಲಿ 2007ರ ಹೊತ್ತಿಗೆ ಒಂದು ಜಟಾಯು ಹೋಟೆಲು ತೆರೆದರು. ಗೇಯುವ ಶಕ್ತಿ ಮುಗಿದ ಮುದಿ ದನಗಳನ್ನು ಅಲ್ಲಿ ಸಾಕುತ್ತಾರೆ. ಅಪಾಯಕಾರಿ ಔಷಧಿ ಕೊಡುವುದಿಲ್ಲ. ತಾವಾಗಿ ಸತ್ತ ಮೇಲೆ ಹದ್ದುಗಳಿಗೆ ಬಡಿಸುತ್ತಾರೆ. ನೇಪಾಳದಲ್ಲಿ ಹದ್ದುಗಳ ಸಂಖ್ಯೆ ಬೀಳುವುದು ನಿಂತು ನಿಧಾನವಾಗಿ ಏರತೊಡಗಿತು. ಪಿಂಜೋರಿನ ಕೇಂದ್ರದಲ್ಲಿ ಮರಿಗಳು ಹುಟ್ಟುತ್ತಿವೆ. ಆದರೆ ಮರಿ ಹುಟ್ಟಿಸಿ ಬಿಡುವುದು ಯಾವ ಆಕಾಶಕ್ಕೆ ಎಂಬ ಪ್ರಶ್ನೆ ಅಲ್ಲಿಯವರನ್ನು ಬಹುಕಾಲ ಕಾಡಿತು.

ನಮ್ಮ ರಾಜ್ಯದಲ್ಲಿ ರಾಮನಗರದ ರಾಮದೇವರ ಬೆಟ್ಟವಿದೆ. ಶೋಲೆ ಚಿತ್ರದಿಂದ ಈ ಬಂಡೆಗಳನ್ನು ದೇಶವೇ ನೋಡಿದೆ. ಗಬ್ಬರ್ ಸಿಂಗ್‌ಗಿಂತ ಮೊದಲಿನಿಂದಲೂ ಅಲ್ಲಿನ ನಿವಾಸಿಗಳು ಉದ್ದ ಕೊಕ್ಕಿನ ರಣಹದ್ದುಗಳು. ಸುಮಾರು 346 ಹೆಕ್ಟೇರ್ ಜಾಗವನ್ನು 2012ರಲ್ಲಿ ರಣಹದ್ದು ಧಾಮವೆಂದು ಸಾರಲಾಯಿತು. ರಣಹದ್ದಿಗೆಂದೇ ಮೀಸಲಾದ ಧಾಮ ದೇಶದಲ್ಲೇ ಹೊಸದು. ಉಳಿದಿರುವ ಹಕ್ಕಿಗಳನ್ನು ಬೆರಳಲ್ಲಿ ಎಣಿಸಬಹುದು. ಬೆಳಗಿನ ಬಿಸಿಲು ಏರಿ ಬಂಡೆ ಕಾದು ಬಿಸಿಗಾಳಿ ಮೇಲೇಳತೊಡಗಿದಾಗ ಅವು ರೆಕ್ಕೆ ಬಿಚ್ಚುತ್ತವೆ. ಒಂದೇ ದಿನದಲ್ಲಿ ಹತ್ತಾರು ಮೈಲಿ ಹಾರಬಲ್ಲ ಹಕ್ಕಿಗೆ 346 ಹೆಕ್ಟೇರಿನ ಗಡಿ ಗೊತ್ತಿಲ್ಲ. ಬಂಡೆಯನ್ನು ಅರಣ್ಯ ಇಲಾಖೆ ಕಾಯುತ್ತದೆ. ಹದ್ದು ಊಟಕ್ಕೆ ಇಳಿಯುವುದು ಮಾಗಡಿಯ ಕಡೆಯದೋ ಕನಕಪುರದ ಕಡೆಯದೋ ಒಂದು ಬಯಲಿಗೆ. ಅಲ್ಲಿ ಬಿದ್ದಿರುವ ಹಸುವಿಗೆ ಕೊನೆಯ ದಿನ ಯಾವ ಬಾಟಲಿಯಿಂದ ಔಷಧಿ ಚುಚ್ಚಿದ್ದರು ಎಂಬುದು ಅದನ್ನು ಸಾಕಿದವರಿಗೂ, ಔಷಧಿ ಮಾರಿದವರಿಗೂ ಮಾತ್ರ ಗೊತ್ತು.